‘72% ಆಫ್’ ಎಸ್‌ಎಸ್‌ಡಿ: ಕೊಳ್ಳುವ ಮುನ್ನ ಒಂದೊಂದೇ ಹೆಜ್ಜೆ ಪರೀಕ್ಷೆ

2024ರ ದಸರಾ ಹೊತ್ತಿನ ಆನ್‌ಲೈನ್ ಸೇಲ್. ರಾತ್ರಿ ಹನ್ನೊಂದೂಮುಕ್ಕಾಲಿಗೆ ಅಕ್ಕನ ಮಗನ ವಾಟ್ಸಾಪ್ ಬಂತು: ‘ಮಾಮ, 1 ಟಿಬಿ ಎನ್‌ವಿಎಂಇ, 72% ಆಫ್, 4,479ಕ್ಕೆ ಬರ್ತಿದೆ. ಇನ್ನು ಎರಡೇ ಗಂಟೆ ಟೈಮು. ತಗೊಂಡ್ಬಿಡ್ಲಾ?’ ಜೊತೆಗೆ ಕೆಂಪು ಅಂಕಿಗಳಲ್ಲಿ ಗಡಿಯಾರ ಓಡುತ್ತಿರುವ ಸ್ಕ್ರೀನ್‌ಶಾಟು. ಅವನು ಹೇಳಿದ್ದು ಎಸ್‌ಎಸ್‌ಡಿಯ ಬಗ್ಗೆ, ಅಂದರೆ ಹಾರ್ಡ್‌ಡಿಸ್ಕಿನ ಬದಲು ಚಿಪ್ಪಿನಲ್ಲಿ ಫೈಲು ಇಡುವ ಡ್ರೈವು. ಎನ್‌ವಿಎಂಇ ಎಂದರೆ ಅದರಲ್ಲೇ ಹೆಚ್ಚು ವೇಗದ ಬಗೆ.

ಹುಡುಗ ಹಾಸನದಲ್ಲಿ ಇಂಜಿನಿಯರಿಂಗ್ ಓದುತ್ತಾನೆ. ಶನಿವಾರ ಭಾನುವಾರ ಮದುವೆ, ನಾಮಕರಣ, ಗೃಹಪ್ರವೇಶದ ವಿಡಿಯೊ ತೆಗೆದು ಎಡಿಟ್ ಮಾಡಿಕೊಟ್ಟು ಕೈಖರ್ಚಿಗೆ ಸಂಪಾದಿಸಿಕೊಳ್ಳುತ್ತಾನೆ. ಅವನ ಲ್ಯಾಪ್‌ಟಾಪು 2019ರದ್ದು. ಒಳಗಿದ್ದ 256 ಜಿಬಿ ಡ್ರೈವು ಯಾವಾಗ ನೋಡಿದರೂ ತುಂಬಿ ತುಳುಕುತ್ತಿತ್ತು. ಅವಸರ ಸಹಜವೇ. ‘ಈಗ ಮಲಗು, ಬೆಳಿಗ್ಗೆ ನೋಡೋಣ’ ಅಂದೆ. ಬೆಳಿಗ್ಗೆ ನೋಡಿದರೆ ಅದೇ ಬೆಲೆ, ಅದೇ ಕೆಂಪು ಗಡಿಯಾರ, ಮತ್ತೆ ಎರಡು ಗಂಟೆ ಬಾಕಿ!

ಆ ಬೆಳಿಗ್ಗೆ ಇಬ್ಬರೂ ಫೋನಿನಲ್ಲಿ ಮಾತಾಡುತ್ತಾ ಆ ಡ್ರೈವನ್ನು ಜಾಲಾಡಿದ ಕ್ರಮವನ್ನೇ ಇಲ್ಲಿ ಬರೆಯುತ್ತಿದ್ದೇನೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇಲ್ಲಿರುವ ಬೆಲೆಗಳು ಆಗಿನವು. 2025ರ ಕೊನೆಯ ಹೊತ್ತಿಗೆ ಎಐ ಡೇಟಾ ಸೆಂಟರ್‌ಗಳ ಹಸಿವಿನಿಂದ ಮೆಮೊರಿ ಚಿಪ್ಪುಗಳ ರೇಟು ಜಿಗಿಯಿತು. ಅದೇ ಡಿಸೆಂಬರ್‌ನಲ್ಲಿ ಮೈಕ್ರಾನ್ ಕಂಪನಿ ‘ಕ್ರೂಷಿಯಲ್’ ಹೆಸರಿನ ತನ್ನ ಚಿಲ್ಲರೆ ವ್ಯಾಪಾರವನ್ನೇ ಮುಚ್ಚುವುದಾಗಿ ಸಾರಿತು. ಆದ್ದರಿಂದ ಲೆಕ್ಕ ಹಾಕುವ ರೀತಿಯನ್ನು ಇಟ್ಟುಕೊಳ್ಳಿ, ಅಂಕಿಗಳನ್ನು ಇವತ್ತಿನವು ಹಾಕಿಕೊಳ್ಳಿ.

ಹೆಜ್ಜೆ 1: ನಿಮ್ಮ ಮಷೀನಿನಲ್ಲಿ ಯಾವ ಸ್ಲಾಟ್ ಇದೆ?

ಡ್ರೈವಿನ ಬೆಲೆ ನೋಡುವ ಮೊದಲು ಕಂಪ್ಯೂಟರಿನ ಹೊಟ್ಟೆ ನೋಡಿ. ಹಳೆಯ ಲ್ಯಾಪ್‌ಟಾಪಿನಲ್ಲಿ ಹಾರ್ಡ್‌ಡಿಸ್ಕ್ ಕೂರುವ 2.5 ಇಂಚಿನ ಜಾಗ ಇದ್ದರೆ ಅಲ್ಲಿಗೆ ಸಾಟಾ ಎಂಬ ಹಳೆಯ ಬಗೆಯ ಜೋಡಣೆಯ ಎಸ್‌ಎಸ್‌ಡಿ ಹೊಂದುತ್ತದೆ. ಬಬಲ್‌ಗಮ್ ಪಟ್ಟಿಯಂತೆ ಉದ್ದಕ್ಕಿರುವುದು ಎಂ.2. ಅದರ ಮೇಲೆ 2280 ಎಂದಿದ್ದರೆ ಅಗಲ 22 ಮಿಲಿಮೀಟರ್, ಉದ್ದ 80 ಮಿಲಿಮೀಟರ್. ಕೆಲವು ಚಿಕ್ಕ ಲ್ಯಾಪ್‌ಟಾಪುಗಳಲ್ಲಿ 2242 ಅಥವಾ 2230 ಮಾತ್ರ ಹಿಡಿಸುತ್ತದೆ. ಸ್ಕ್ರೂ ಕೂರುವ ಜಾಗ ಎಲ್ಲಿದೆ ನೋಡಿದರೆ ಗೊತ್ತಾಗುತ್ತದೆ.

ಎಡವುವುದು ಇಲ್ಲಿ: ಎಂ.2 ಎನ್ನುವುದು ಆಕಾರದ ಹೆಸರು. ಅದೇ ಆಕಾರದಲ್ಲಿ ಸಾಟಾ ಡ್ರೈವೂ ಬರುತ್ತದೆ, ಎನ್‌ವಿಎಂಇ ಡ್ರೈವೂ ಬರುತ್ತದೆ. ಚಿನ್ನದ ಬಣ್ಣದ ಕಾಲುಗಳ ಸಾಲಿನಲ್ಲಿ ಎರಡು ಕಚ್ಚು ಇದ್ದರೆ ಬಹುಪಾಲು ಸಾಟಾ, ಒಂದೇ ಕಚ್ಚು ಇದ್ದರೆ ಬಹುಪಾಲು ಎನ್‌ವಿಎಂಇ. ಹಳೆಯ ಮಷೀನುಗಳ ಕೆಲವು ಸ್ಲಾಟ್‌ಗಳು ಸಾಟಾವನ್ನು ಮಾತ್ರ ಗುರುತಿಸುತ್ತವೆ. ಅಲ್ಲಿ ಎಷ್ಟೇ ಒಳ್ಳೆಯ ಎನ್‌ವಿಎಂಇ ಕೂರಿಸಿದರೂ ಬಯಾಸ್‌ನಲ್ಲಿ (ಕಂಪ್ಯೂಟರು ಏಳುವಾಗ ತೆರೆಯುವ ಸೆಟ್ಟಿಂಗಿನ ತೆರೆಯಲ್ಲಿ) ಕಾಣುವುದೇ ಇಲ್ಲ. ನಿಮ್ಮ ಮಾಡೆಲಿನ ಸರ್ವಿಸ್ ಮ್ಯಾನ್ಯುಯಲ್ ಕಂಪನಿಯ ಜಾಲತಾಣದಲ್ಲೇ ಪಿಡಿಎಫ್ ಆಗಿ ಸಿಗುತ್ತದೆ. ಹತ್ತು ನಿಮಿಷ ಅದಕ್ಕೆ ಕೊಡಿ.

ಸ್ಲಾಟಿನ ವೇಗವನ್ನೂ ನೋಡಿ. ಸಾಟಾ ಎಂದರೆ ಸೆಕೆಂಡಿಗೆ ಸುಮಾರು 550 ಎಂಬಿಗೆ ಮುಗಿಯಿತು. ಎನ್‌ವಿಎಂಇ ಡ್ರೈವು ಓಡುವ ದಾರಿ ಪಿಸಿಐಇ. ನಾಲ್ಕು ಲೇನಿನ ಪಿಸಿಐಇ 3.0ರಲ್ಲಿ ಸುಮಾರು 3,500, 4.0ರಲ್ಲಿ ಸುಮಾರು 7,000, 5.0ರಲ್ಲಿ 14,000ದ ಆಸುಪಾಸು. ಹೊಸ ಡ್ರೈವುಗಳು ಹಳೆಯ ಸ್ಲಾಟಿನಲ್ಲೂ ಕೆಲಸ ಮಾಡುತ್ತವೆ, ಆದರೆ ಸ್ಲಾಟಿನ ವೇಗಕ್ಕೆ ಇಳಿದು. ಅಕ್ಕನ ಮಗನ ಲ್ಯಾಪ್‌ಟಾಪಿನಲ್ಲಿ ಇದ್ದದ್ದು 3.0. ಅವನು ಮೆಚ್ಚಿಕೊಂಡ ಡ್ರೈವಿನ ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ 5,000 ಎಂಬಿ ಎಂದಿತ್ತು. ಆ ಅಂಕಿ ಅವನ ಮಷೀನಿನಲ್ಲಿ ಯಾವತ್ತೂ ಕಾಣುವುದಿಲ್ಲ. 5.0 ಡ್ರೈವನ್ನು ಆರು ವರ್ಷದ ಲ್ಯಾಪ್‌ಟಾಪಿಗೆ ಹಾಕಿಸಿಕೊಂಡವರನ್ನೂ ನೋಡಿದ್ದೇನೆ. ಮೂಗಿಗಿಂತ ಮೂಗುತಿ ಭಾರ.

ಹೆಜ್ಜೆ 2: ಶೇಕಡಾವನ್ನು ಮರೆತು ಜಿಬಿಗೆ ಎಷ್ಟು ಎಂದು ಕೇಳಿ

72% ಆಫ್ ಎಂದರೆ ಯಾವುದರಿಂದ ಇಳಿಸಿದ್ದು? ಎಂಆರ್‌ಪಿಯಿಂದ. ನಮ್ಮಲ್ಲಿ ಪೊಟ್ಟಣ ಕಟ್ಟಿ ಮಾರುವ ಸರಕಿನ ಮೇಲೆ ಗರಿಷ್ಠ ಮಾರಾಟ ಬೆಲೆ ಮುದ್ರಿಸಲೇಬೇಕು, ಅದು ಕಾನೂನು. ಆದರೆ ಎಷ್ಟು ಮುದ್ರಿಸಬೇಕು ಎನ್ನುವುದು ತಯಾರಕರ ಅಥವಾ ಆಮದುದಾರರ ಇಷ್ಟ. ಆ ಡ್ರೈವಿನ ಎಂಆರ್‌ಪಿ 15,999. ಆ ಬೆಲೆಗೆ ಅದನ್ನು ಯಾರೂ ಕೊಂಡಿರಲಾರರು. ಎಂಆರ್‌ಪಿಯನ್ನು ಆಕಾಶಕ್ಕೇರಿಸಿದರೆ ಯಾವ ದಿನ ಮಾರಿದರೂ 70% ಆಫೇ.

ಹಾಗಾಗಿ ಮಾಡಬೇಕಾದ್ದು ಎರಡೇ ಲೆಕ್ಕ. ಮೊದಲನೆಯದು, ಬೆಲೆಯನ್ನು ಜಿಬಿಯಿಂದ ಭಾಗಿಸಿ: 4,479ನ್ನು 1,000ದಿಂದ ಭಾಗಿಸಿದರೆ ಜಿಬಿಗೆ 4 ರೂಪಾಯಿ 48 ಪೈಸೆ. ಅದೇ ದಿನ ಅದೇ ಅಂಗಡಿಯಲ್ಲಿ, ಯಾವ ಗಡಿಯಾರವೂ ಓಡದೆ ಸುಮ್ಮನೆ ಕೂತಿದ್ದ ಇನ್ನೊಂದು ಹೆಸರಾಂತ ಕಂಪನಿಯ 1 ಟಿಬಿ ಡ್ರೈವು 5,650ಕ್ಕಿತ್ತು, ಅಂದರೆ ಜಿಬಿಗೆ 5 ರೂಪಾಯಿ 65 ಪೈಸೆ. ವ್ಯತ್ಯಾಸ 72% ಅಲ್ಲವೇ ಅಲ್ಲ, 1,171 ರೂಪಾಯಿ. ನಿರ್ಧಾರ ಮಾಡಬೇಕಾದದ್ದು ಈ 1,171ರ ಬಗ್ಗೆ: ಇಷ್ಟು ಉಳಿಸಿ ನಾವು ಬಿಟ್ಟುಕೊಡುತ್ತಿರುವುದೇನು?

ಎರಡನೆಯದು, ಆ ಡ್ರೈವಿನ ಹಳೆಯ ಬೆಲೆ. ಕೀಪಾದಂಥ ಬೆಲೆ ಚರಿತ್ರೆಯ ಸಾಧನಗಳನ್ನು ಬ್ರೌಸರಿಗೆ ಸೇರಿಸಿಕೊಂಡರೆ ಕಳೆದ ತಿಂಗಳುಗಳ ಗೆರೆ ಕಣ್ಣಮುಂದೆ ಬರುತ್ತದೆ. ಸೇಲಿಗೆ ಎರಡು ವಾರ ಮುಂಚೆ ಬೆಲೆ ಏರಿಸಿ, ಸೇಲಿನಲ್ಲಿ ಮೊದಲಿದ್ದಲ್ಲಿಗೇ ಇಳಿಸಿದ ಗೆರೆ ಸಮತಟ್ಟಾದ ಗುಡ್ಡದಂತೆ ಕಾಣುತ್ತದೆ. ಒಂದೆರಡು ಸಲ ನೋಡಿದರೆ ನಿಮಗೇ ಪತ್ತೆಯಾಗುತ್ತದೆ. ಬ್ಯಾಂಕ್ ಕಾರ್ಡಿನ ರಿಯಾಯಿತಿಯನ್ನು ಈ ಲೆಕ್ಕಕ್ಕೆ ಸೇರಿಸಬೇಡಿ. ಅದು ಯಾವ ಡ್ರೈವಿಗಾದರೂ ಸಿಗುತ್ತದೆ.

ಹೆಜ್ಜೆ 3: ಒಳಗಿನ ಸರಕು ಯಾವುದು?

ಇಲ್ಲಿ ಸ್ವಲ್ಪ ನಿಂತುಕೊಳ್ಳೋಣ. ಬೆಲೆ ಇಳಿಸುವ ಕೈಚಳಕವೆಲ್ಲ ನಡೆಯುವುದು ಇಲ್ಲೇ.

ಎಸ್‌ಎಸ್‌ಡಿ ಒಳಗೆ ಮುಖ್ಯವಾಗಿ ಮೂರು: ದತ್ತಾಂಶ ಕೂರುವ ನ್ಯಾಂಡ್ ಫ್ಲ್ಯಾಶ್ ಚಿಪ್ಪು, ಎಲ್ಲವನ್ನೂ ನಡೆಸುವ ಕಂಟ್ರೋಲರು, ಮತ್ತು ಕೆಲವದರಲ್ಲಿ ಮಾತ್ರ ಡಿರ್ಯಾಮ್ (ಕರೆಂಟಿರುವಷ್ಟು ಹೊತ್ತು ನೆನಪಿಡುವ ವೇಗದ ಮೆಮೊರಿ). ನ್ಯಾಂಡ್ ತಯಾರಿಸುವವರು ಜಗತ್ತಿನಲ್ಲಿ ಬೆರಳೆಣಿಕೆಯಷ್ಟು: ಸ್ಯಾಮ್‌ಸಂಗ್, ಎಸ್‌ಕೆ ಹೈನಿಕ್ಸ್, ಮೈಕ್ರಾನ್, ಜಪಾನಿನ ಕಿಯೋಕ್ಸಿಯಾ ಮತ್ತು ಅದರ ಜೊತೆಗಾರ ಸ್ಯಾನ್‌ಡಿಸ್ಕ್, ಚೀನಾದ ವೈಎಂಟಿಸಿ. ಉಳಿದ ಹತ್ತಾರು ಬ್ರ್ಯಾಂಡುಗಳೆಲ್ಲ ಇವರಿಂದ ಚಿಪ್ಪು ಕೊಂಡು, ತಮ್ಮ ಸ್ಟಿಕರ್ ಅಂಟಿಸಿ ಮಾರುವವರು. ಅದರಲ್ಲಿ ತಪ್ಪೇನಿಲ್ಲ. ಈ ತಿಂಗಳು ಅಗ್ಗಕ್ಕೆ ಸಿಕ್ಕ ಚಿಪ್ಪು ಮುಂದಿನ ತಿಂಗಳು ಸಿಗದಿದ್ದರೆ ಏನು ಹಾಕುತ್ತಾರೆ ಎನ್ನುವುದೇ ಪ್ರಶ್ನೆ.

ಮೊದಲು ಟಿಎಲ್‌ಸಿಯೋ ಕ್ಯೂಎಲ್‌ಸಿಯೋ ನೋಡಿ. ನ್ಯಾಂಡಿನ ಒಂದೊಂದು ಕೋಶದಲ್ಲೂ ವಿದ್ಯುತ್ತಿನ ಚಾರ್ಜನ್ನು ಹಿಡಿದಿಡುತ್ತಾರೆ. ಟಿಎಲ್‌ಸಿಯಲ್ಲಿ ಒಂದು ಕೋಶಕ್ಕೆ 3 ಬಿಟ್, ಅಂದರೆ 8 ಮಟ್ಟಗಳು. ಕ್ಯೂಎಲ್‌ಸಿಯಲ್ಲಿ 4 ಬಿಟ್, ಅಂದರೆ 16 ಮಟ್ಟಗಳು. ಒಂದು ಲೋಟದಲ್ಲಿ ನೀರು ಅರ್ಧ ಇದೆಯೋ ತುಂಬ ಇದೆಯೋ ಹೇಳುವುದು ಸುಲಭ. ಅದೇ ಲೋಟಕ್ಕೆ ಹದಿನಾರು ಗೆರೆ ಎಳೆದು, ಕತ್ತಲಲ್ಲಿ ನೀರು ಹನ್ನೊಂದನೆಯದರಲ್ಲಿದೆಯೋ ಹನ್ನೆರಡನೆಯದರಲ್ಲೋ ಹೇಳು ಎಂದರೆ ಹೊತ್ತು ಹಿಡಿಯುತ್ತದೆ. ಬರೆಯುವಾಗಲೂ ಅಷ್ಟೇ ನಾಜೂಕು. ಅದಕ್ಕೇ ಕ್ಯೂಎಲ್‌ಸಿ ಅಗ್ಗ, ನಿಧಾನ, ಆಯುಸ್ಸೂ ಕಡಿಮೆ.

ಹಾಗಾದರೆ ಜಾಹೀರಾತಿನಲ್ಲಿ ಅಷ್ಟೊಂದು ವೇಗ ಹೇಗೆ ಬಂತು? ಡ್ರೈವು ತನ್ನದೇ ಜಾಗದ ಒಂದು ಭಾಗವನ್ನು ಕೋಶಕ್ಕೆ ಒಂದೇ ಬಿಟ್‌ನಂತೆ ಬಳಸುತ್ತದೆ. ಅದಕ್ಕೆ ಎಸ್‌ಎಲ್‌ಸಿ ಕ್ಯಾಶ್ ಎನ್ನುತ್ತಾರೆ. ಸುಗ್ಗಿಯಲ್ಲಿ ಗಾಡಿ ಬಂದಾಗ ಮೂಟೆಗಳನ್ನು ಬೇಗ ಬೇಗ ಜಗಲಿಯಲ್ಲಿ ಇಳಿಸಿ, ಆಮೇಲೆ ಬಿಡುವಾದಾಗ ಒಳಗಿನ ಕಣಜಕ್ಕೆ ಸಾಗಿಸುವುದಿಲ್ಲವೇ, ಹಾಗೆ. ಜಗಲಿ ಖಾಲಿ ಇರುವವರೆಗೆ ಎಲ್ಲ ಸಲೀಸು. ಜಗಲಿ ತುಂಬಿದ ಮೇಲೂ ಗಾಡಿಗಳು ಬರುತ್ತಲೇ ಇದ್ದರೆ ಒಂದೊಂದು ಮೂಟೆಯನ್ನೂ ಹೊತ್ತು ಒಳಗೆ ಹೋಗಬೇಕು. ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ ಬರೆದಿರುವುದು ಜಗಲಿಯ ವೇಗ. ಡ್ರೈವು ತುಂಬುತ್ತಾ ಹೋದಂತೆ ಎಷ್ಟೋ ಡ್ರೈವುಗಳಲ್ಲಿ ಈ ಜಗಲಿಯೇ ಕಿರಿದಾಗುತ್ತದೆ.

ಇದನ್ನು ನಾನು ದುಡ್ಡು ಕೊಟ್ಟು ಕಲಿತೆ. ಕೆಲವು ವರ್ಷಗಳ ಹಿಂದೆ ಸೇಲಿನಲ್ಲಿ ಒಂದು ಸಾಟಾ ಡ್ರೈವು ಕೊಂಡು, ಮನೆಯ ಹಳೆಯ ಫೋಟೊ ವಿಡಿಯೊ ಸೇರಿ 180 ಜಿಬಿ ಕಾಪಿಗೆ ಹಾಕಿದೆ. ಮೊದಲು 450 ಎಂಬಿ ವೇಗದಲ್ಲಿ ಹಸಿರು ಪಟ್ಟಿ ದಡದಡ ಓಡಿತು. ‘ನೋಡು, ನಾಲ್ಕು ಸಾವಿರಕ್ಕೆ ಏನು ಮಾಲು!’ ಎಂದು ಮನೆಯವಳನ್ನು ಕರೆದು ತೋರಿಸಿದೆ. ಒಂದೂವರೆ ನಿಮಿಷ ಆಗಿರಬೇಕು, ಸುಮಾರು 40 ಜಿಬಿ ದಾಟಿದ್ದೇ ಗೆರೆ ಬಾವಿಗೆ ಕೊಡ ಬಿದ್ದಂತೆ ಕೆಳಗಿಳಿಯಿತು. 70 ಎಂಬಿ. ಮಿಕ್ಕ 140 ಜಿಬಿ ಮುಗಿಯುವಷ್ಟರಲ್ಲಿ ಅರ್ಧ ಗಂಟೆಗೂ ಹೆಚ್ಚಾಯಿತು. ನನ್ನ ಹಳೆಯ ಹಾರ್ಡ್‌ಡಿಸ್ಕು ಇದಕ್ಕಿಂತ ಬೇಗ ಬರೆಯುತ್ತಿತ್ತು. ಡ್ರೈವು ಕೆಟ್ಟಿರಲಿಲ್ಲ, ವಾಪಸ್ ಮಾಡಲು ಕಾರಣವೂ ಇರಲಿಲ್ಲ. ಅದು ಇರುವುದೇ ಹಾಗೆ.

ಇದನ್ನು ಬಚ್ಚಿಡದೆ ಹೇಳುವ ಕಂಪನಿಗಳೂ ಇವೆ. ಸ್ಯಾಮ್‌ಸಂಗ್‌ನ 870 ಕ್ಯೂವಿಒ ಡ್ರೈವಿನ ಡೇಟಾಶೀಟಿನಲ್ಲೇ ಇದೆ: 1 ಟಿಬಿ ಮಾಡೆಲಿನಲ್ಲಿ ಕ್ಯಾಶ್ 42 ಜಿಬಿ, ಅದು ಮುಗಿದ ಮೇಲೆ ಬರೆಯುವ ವೇಗ ಸೆಕೆಂಡಿಗೆ 80 ಎಂಬಿ. ಆದರೆ ಆ ಡೇಟಾಶೀಟನ್ನು ಸೇಲಿನ ಪುಟದಲ್ಲಿ ಯಾರೂ ಹಾಕುವುದಿಲ್ಲ. ‘ಮಾಡೆಲ್ ಹೆಸರು + ಡೇಟಾಶೀಟ್’ ಎಂದು ಹುಡುಕಿ ತೆಗೆಯಬೇಕು. ಕಂಪನಿ ಹೇಳದಿದ್ದರೆ ಟೆಕ್‌ಪವರ್‌ಅಪ್ ಜಾಲತಾಣದ ಎಸ್‌ಎಸ್‌ಡಿ ಡೇಟಾಬೇಸಿನಲ್ಲಿ ನ್ಯಾಂಡ್, ಕಂಟ್ರೋಲರ್, ಡಿರ್ಯಾಮ್ ಮೂರೂ ಮಾಡೆಲ್‌ವಾರು ಸಿಗುತ್ತವೆ.

ಕ್ಯೂಎಲ್‌ಸಿ ಎಂದ ತಕ್ಷಣ ಮೂಗು ಮುರಿಯಬೇಕಿಲ್ಲ. ಆಫೀಸಿನ ಫೈಲು, ಬ್ರೌಸರು, ಮಕ್ಕಳ ಆನ್‌ಲೈನ್ ಕ್ಲಾಸು, ಹೆಚ್ಚೆಂದರೆ ಗೇಮು: ಇವಕ್ಕೆಲ್ಲ ಒಂದೇ ಏಟಿಗೆ 40 ಜಿಬಿ ಬರೆಯುವ ಪ್ರಸಂಗವೇ ಬರುವುದಿಲ್ಲ. ಹಾರ್ಡ್‌ಡಿಸ್ಕಿನಿಂದ ಬಂದವರಿಗೆ ಯಾವ ಎಸ್‌ಎಸ್‌ಡಿಯಾದರೂ ಸ್ವರ್ಗವೇ, ಯಾಕೆಂದರೆ ವಿಂಡೋಸ್ ಏಳುವಾಗ ಬೇಕಾಗುವುದು ಚಿಕ್ಕ ಚಿಕ್ಕ ಚೂರುಗಳನ್ನು ಅಲ್ಲಿಂದಿಲ್ಲಿಂದ ಹೆಕ್ಕುವ ವೇಗ. ಹಾರ್ಡ್‌ಡಿಸ್ಕು ಅದರಲ್ಲಿ ಸೆಕೆಂಡಿಗೆ 1 ಎಂಬಿಯ ಆಸುಪಾಸು ತೆವಳಿದರೆ, ಸಾಧಾರಣ ಎಸ್‌ಎಸ್‌ಡಿಯೂ ಹತ್ತಾರು ಎಂಬಿ ಕೊಡುತ್ತದೆ. ನಮ್ಮ ಹುಡುಗನ ಕತೆ ಬೇರೆ. ಒಂದು ಮದುವೆ ಮುಗಿದರೆ ಎರಡು ಮೂರು ಕ್ಯಾಮೆರಾದ ಕಾರ್ಡುಗಳಿಂದ 150ರಿಂದ 200 ಜಿಬಿ ಒಟ್ಟಿಗೆ ಇಳಿಯಬೇಕು. ಅವನು ಮೆಚ್ಚಿದ್ದ ಡ್ರೈವು ಕ್ಯೂಎಲ್‌ಸಿ. ಅವನಿಗೆ ಅದು ಯಾವ ಬೆಲೆಗೂ ಒಗ್ಗುವುದಿಲ್ಲ.

ಡಿರ್ಯಾಮ್ ವಿಷಯ ಚುಟುಕಾಗಿ. ಯಾವ ಫೈಲು ಯಾವ ಕೋಶದಲ್ಲಿದೆ ಎನ್ನುವ ವಿಳಾಸಪಟ್ಟಿಯನ್ನು ಡ್ರೈವು ಇಟ್ಟುಕೊಳ್ಳಬೇಕು. ದುಬಾರಿ ಡ್ರೈವುಗಳು ಅದಕ್ಕೆ ತಮ್ಮದೇ ಡಿರ್ಯಾಮ್ ಇಟ್ಟುಕೊಂಡಿರುತ್ತವೆ, ಸಾಮಾನ್ಯವಾಗಿ 1 ಟಿಬಿಗೆ 1 ಜಿಬಿ. ಅಗ್ಗದ ಎನ್‌ವಿಎಂಇಗಳು ಕಂಪ್ಯೂಟರಿನ ರ್ಯಾಮ್‌ನಿಂದಲೇ ಒಂದಿಷ್ಟು, ಸಾಮಾನ್ಯವಾಗಿ 64 ಎಂಬಿಯಷ್ಟು, ಕೈಗಡ ಪಡೆಯುತ್ತವೆ. ಇದಕ್ಕೆ ಎಚ್‌ಎಂಬಿ ಎಂದು ಹೆಸರು. ಮನೆಬಳಕೆಗೆ ಧಾರಾಳ ಸಾಕು. ಆದರೆ ಸಾಟಾದಲ್ಲಿ ಈ ಕೈಗಡದ ವ್ಯವಸ್ಥೆ ಇಲ್ಲ. ಆದ್ದರಿಂದ ಡಿರ್ಯಾಮ್ ಇಲ್ಲದ ಸಾಟಾ ಡ್ರೈವಿಗೆ ವಿಂಡೋಸ್ ಹಾಕುವುದಾದರೆ ನಾನು ಇನ್ನೂ ಐನೂರು ರೂಪಾಯಿ ಸೇರಿಸಿ ಡಿರ್ಯಾಮ್ ಇರುವುದನ್ನೇ ಹುಡುಕುತ್ತೇನೆ.

ಹೆಜ್ಜೆ 4: ಹೆಸರು ಅದೇ, ಮಾಲು ಬೇರೆ?

ರಿವ್ಯೂ ಓದಿದಿರಿ, ಟಿಎಲ್‌ಸಿ ಎಂದಿತ್ತು, ಕೊಂಡಿರಿ. ಬಂದದ್ದು ಅದೇ ಎಂದು ಹೇಗೆ ನಂಬುತ್ತೀರಿ? ಕ್ರೂಷಿಯಲ್ ಪಿ2 ಡ್ರೈವು 2020ರಲ್ಲಿ ಮಾರುಕಟ್ಟೆಗೆ ಬಂದಾಗ ಟಿಎಲ್‌ಸಿ. 2021ರಲ್ಲಿ ಅದೇ ಹೆಸರಿನಡಿ ಕ್ಯೂಎಲ್‌ಸಿ ಬರತೊಡಗಿತು. ಅದೇ 2021ರಲ್ಲಿ ವೆಸ್ಟರ್ನ್ ಡಿಜಿಟಲ್‌ನ ಎಸ್‌ಎನ್550 ಒಳಗಿನ ನ್ಯಾಂಡ್ ಬದಲಾಗಿ, ಕ್ಯಾಶ್ ಮುಗಿದ ಮೇಲಿನ ವೇಗ 610ರಿಂದ 390 ಎಂಬಿಗೆ ಕುಸಿದಿರುವುದನ್ನು ಪರೀಕ್ಷಕರು ಕಂಡುಹಿಡಿದರು. ಗಲಾಟೆಯಾದ ಮೇಲೆ ಕಂಪನಿ, ಇನ್ನು ಮುಂದೆ ಪ್ರಕಟಿತ ವಿವರಕ್ಕೆ ಧಕ್ಕೆ ಬರುವ ಬದಲಾವಣೆ ಮಾಡಿದರೆ ಹೊಸ ಮಾಡೆಲ್ ನಂಬರನ್ನೇ ಕೊಡುತ್ತೇವೆ ಎಂದು ಮಾತುಕೊಟ್ಟಿತು. ಕಿಂಗ್‌ಸ್ಟನ್ ಎನ್‌ವಿ2 ಬಗ್ಗೆಯಂತೂ ಒಳಗೆ ಯಾವ ನ್ಯಾಂಡ್, ಯಾವ ಕಂಟ್ರೋಲರ್ ಎಂದು ಕಂಪನಿ ಖಚಿತವಾಗಿ ಹೇಳಲೇ ಇಲ್ಲ. ಬೇರೆ ಬೇರೆ ಜನರ ಕೈಗೆ ಬೇರೆ ಬೇರೆಯದು ಸಿಕ್ಕಿದೆ.

ಇದಕ್ಕೆ ಪೂರ್ಣ ಪರಿಹಾರವಿಲ್ಲ. ನಾನು ಮಾಡುವುದು ಇಷ್ಟು: ರಿವ್ಯೂಗಳಲ್ಲಿ ಮೂರು ವರ್ಷ ಹಿಂದಿನದನ್ನು ಬಿಟ್ಟು ಕಳೆದ ಆರು ತಿಂಗಳಿನವನ್ನು ಮಾತ್ರ ಓದುತ್ತೇನೆ. ಗ್ರಾಹಕರು ಹಾಕಿದ ಫೋಟೊಗಳಲ್ಲಿ ಲೇಬಲ್ಲು, ಡ್ರೈವಿನ ಪೂರ್ಣ ಮಾಡೆಲ್ ನಂಬರು ನೋಡುತ್ತೇನೆ. ಕಂಪನಿಯೇ ತನ್ನ ಡೇಟಾಶೀಟಿನಲ್ಲಿ ‘ಟಿಎಲ್‌ಸಿ’ ಎಂದು ಬರೆದಿದ್ದರೆ ಅದಕ್ಕೆ ಬೆಲೆ ಕೊಡುತ್ತೇನೆ. ‘3ಡಿ ನ್ಯಾಂಡ್’ ಎಂದಷ್ಟೇ ಬರೆದು ಸುಮ್ಮನಿದ್ದರೆ, ಅದನ್ನು ಕ್ಯೂಎಲ್‌ಸಿ ಎಂದೇ ತಿಳಿದು ಬೆಲೆ ಕಟ್ಟುತ್ತೇನೆ. ಈಗ ಬರುವ ನ್ಯಾಂಡೆಲ್ಲ 3ಡಿಯೇ. ಅಕ್ಕಿ ಚೀಲದ ಮೇಲೆ ‘ಭತ್ತದಿಂದ ಮಾಡಿದ್ದು’ ಎಂದು ಬರೆದಂತಾಯಿತು.

ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಎಂ.2 ಸ್ಕ್ರೂ ಕೊಳ್ಳಲು ಹೋಗಿದ್ದಾಗ (ಎಷ್ಟೋ ಹಳೆಯ ಲ್ಯಾಪ್‌ಟಾಪುಗಳಲ್ಲಿ ಈ ಸಾಸಿವೆಯಷ್ಟು ಸ್ಕ್ರೂ ಇರುವುದೇ ಇಲ್ಲ, ಮೊದಲೇ ನೋಡಿಕೊಳ್ಳಿ) ಅಂಗಡಿಯವರನ್ನು ಸುಮ್ಮನೆ ಕೇಳಿದೆ, ಇದು ಟಿಎಲ್‌ಸಿನಾ ಅಂತ. ಆತ ನಕ್ಕರು. ‘ಸಾರ್, ಬರೋರೆಲ್ಲ ಎಷ್ಟು ಟಿಬಿ, ಎಷ್ಟು ರೇಟು ಅಂತ ಕೇಳ್ತಾರೆ. ಒಳಗಡೆ ಏನಿದೆ ಅಂತ ಕೇಳಿದ್ರೆ ಹೇಳೋಕೆ ನಾವು ಬಿಚ್ಚಿ ನೋಡಿದೀವಾ?’ ಪ್ರಾಮಾಣಿಕ ಉತ್ತರ.

ಹೆಜ್ಜೆ 5: ಟಿಬಿಡಬ್ಲ್ಯು ಮತ್ತು ವಾರಂಟಿಯನ್ನು ರೂಪಾಯಿಯಲ್ಲಿ ಅಳೆಯಿರಿ

ಡ್ರೈವಿಗೆ ಒಟ್ಟು ಎಷ್ಟು ಟೆರಾಬೈಟ್ ಬರೆಯುವವರೆಗೆ ಕಂಪನಿ ಹೊಣೆ ಹೊರುತ್ತದೆ ಎನ್ನುವುದೇ ಟಿಬಿಡಬ್ಲ್ಯು. ವಾರಂಟಿ ವರ್ಷ ಮತ್ತು ಟಿಬಿಡಬ್ಲ್ಯು, ಎರಡರಲ್ಲಿ ಯಾವುದು ಮೊದಲು ಮುಗಿಯುತ್ತದೋ ಅಲ್ಲಿಗೆ ವಾರಂಟಿ ಮುಗಿಯಿತು. 1 ಟಿಬಿಯ ಒಳ್ಳೆಯ ಟಿಎಲ್‌ಸಿ ಡ್ರೈವುಗಳಲ್ಲಿ 5 ವರ್ಷ, 600 ಟಿಬಿಡಬ್ಲ್ಯು ಎನ್ನುವುದು ರೂಢಿಯಾಗಿಬಿಟ್ಟಿದೆ. ಸ್ಯಾಮ್‌ಸಂಗ್ 870 ಇವಿಒ, 990 ಪ್ರೊ, ಡಬ್ಲ್ಯುಡಿಯ ಎಸ್‌ಎನ್770 ಎಲ್ಲವೂ ಇದೇ ಅಂಕಿಯವು. ಕ್ಯೂಎಲ್‌ಸಿಯಲ್ಲಿ ಇದು ಇಳಿಯುತ್ತದೆ. ಕ್ರೂಷಿಯಲ್ ಪಿ3 1 ಟಿಬಿಗೆ 220.

ನಮ್ಮ 4,479ರ ಡ್ರೈವಿಗೆ 3 ವರ್ಷ, 240 ಟಿಬಿಡಬ್ಲ್ಯು. 5,650ರದ್ದಕ್ಕೆ 5 ವರ್ಷ, 600. ಈಗ ಭಾಗಾಕಾರ ಮಾಡಿ. ಮೊದಲನೆಯದರಲ್ಲಿ ಒಂದು ವರ್ಷದ ಭರವಸೆಗೆ 1,493 ರೂಪಾಯಿ, ಎರಡನೆಯದರಲ್ಲಿ 1,130. ಬರೆಯುವ ಒಂದೊಂದು ಟಿಬಿಗೆ ಮೊದಲನೆಯದರಲ್ಲಿ 18 ರೂಪಾಯಿ 66 ಪೈಸೆ, ಎರಡನೆಯದರಲ್ಲಿ 9 ರೂಪಾಯಿ 42 ಪೈಸೆ. ಇಷ್ಟು ಹೇಳಿದ ಮೇಲೆ ಹುಡುಗ ಫೋನಿನ ಆ ಕಡೆ ‘ಅಯ್ಯೋ’ ಅಂದ.

ಆದರೂ ಟಿಬಿಡಬ್ಲ್ಯುಗೆ ಅತಿಯಾಗಿ ಹೆದರಬೇಡಿ. ಅವನದೇ ಲೆಕ್ಕ ಹಾಕೋಣ. ಒಂದು ಮದುವೆಗೆ ಕಾಪಿ, ಎಡಿಟಿಂಗಿನ ತಾತ್ಕಾಲಿಕ ಫೈಲು, ಕೊನೆಯ ವಿಡಿಯೊ ಎಲ್ಲ ಸೇರಿ 400 ಜಿಬಿ. ವರ್ಷಕ್ಕೆ 40 ಸಮಾರಂಭ ಹಿಡಿದರೆ 16 ಟಿಬಿ. 240 ಟಿಬಿಡಬ್ಲ್ಯು ಸವೆಯಲು 15 ವರ್ಷ ಬೇಕು. ಆ ಹೊತ್ತಿಗೆ ಅವನ ಮಗನೇ ಕ್ಯಾಮೆರಾ ಹಿಡಿದಿರುತ್ತಾನೆ. ಹಾಗಾಗಿ ನಾನು ಈ ಅಂಕಿಯನ್ನು ಆಯುಸ್ಸಿನ ಲೆಕ್ಕಕ್ಕಿಂತ ಹೆಚ್ಚಾಗಿ ಸುಳಿವಾಗಿ ಓದುತ್ತೇನೆ. ಒಳಗೆ ಯಾವ ನ್ಯಾಂಡ್ ಇದೆ ಎಂದು ಕಂಪನಿ ಬಾಯಿಬಿಡದಿದ್ದಾಗ, 1 ಟಿಬಿಗೆ 200-250 ಟಿಬಿಡಬ್ಲ್ಯು ಎಂದಿದ್ದರೆ ಅದು ಕ್ಯೂಎಲ್‌ಸಿ ಎಂದು ತಿಳಿಯಲು ಅಡ್ಡಿಯಿಲ್ಲ.

ವಾರಂಟಿ ಎಂದರೆ ಕಾಗದದಲ್ಲಿರುವ ವರ್ಷವಷ್ಟೇ ಅಲ್ಲ, ಕೆಟ್ಟಾಗ ಯಾರ ಬಾಗಿಲು ತಟ್ಟಬೇಕು ಎನ್ನುವುದೂ ಹೌದು. ಭಾರತದಲ್ಲಿ ಸರ್ವಿಸ್ ಕೇಂದ್ರ ಎಲ್ಲಿದೆ, ಡ್ರೈವನ್ನು ಕೊರಿಯರ್ ಮಾಡಬೇಕೋ ಕೈಯಲ್ಲಿ ಕೊಡಬಹುದೋ ನೋಡಿ. ಬೇರೆ ದೇಶಕ್ಕೆಂದು ಬಂದ ಮಾಲನ್ನು ಇಲ್ಲಿ ಮಾರಿದ್ದರೆ ಇಲ್ಲಿನ ಸರ್ವಿಸಿನವರು ಕೈತೊಳೆದುಕೊಂಡುಬಿಡಬಹುದು. ಡಬ್ಬಿಯ ಮೇಲೆ ಭಾರತದ ಆಮದುದಾರರ ಹೆಸರು, ವಿಳಾಸ, ಎಂಆರ್‌ಪಿ ಇರುವ ಸ್ಟಿಕರ್ ಇದೆಯೇ ಎನ್ನುವುದು ಮೊದಲ ಪರೀಕ್ಷೆ. ಜಿಎಸ್‌ಟಿ ಬಿಲ್ಲು ಬೇಡ ಎಂದರೆ ಇನ್ನೂರು ಕಡಿಮೆ ಮಾಡುತ್ತೇನೆ ಎನ್ನುವವರೂ ಸಿಗುತ್ತಾರೆ. ಆ ಇನ್ನೂರು ಉಳಿಸಲು ಹೋಗಿ ಐದು ವರ್ಷದ ವಾರಂಟಿ ಬಿಟ್ಟುಕೊಡಬೇಡಿ.

ಹೆಜ್ಜೆ 6: ಮಾರುತ್ತಿರುವವರು ಯಾರು?

ದೊಡ್ಡ ಆನ್‌ಲೈನ್ ಅಂಗಡಿಯಲ್ಲಿ ಕೊಂಡೆ ಎಂದರೆ ಆ ಅಂಗಡಿಯೇ ಮಾರಿತು ಎಂದಲ್ಲ. ಅಲ್ಲಿ ಸಾವಿರಾರು ಚಿಲ್ಲರೆ ವ್ಯಾಪಾರಿಗಳಿದ್ದಾರೆ. ‘ಮಾರಾಟಗಾರರು’ ಎಂಬ ಸಾಲಿನ ಮೇಲೆ ಒತ್ತಿ ನೋಡಿ. ನಿನ್ನೆ ಮೊನ್ನೆ ಸೇರಿದ ಹೆಸರು, ಉಳಿದವರಿಗಿಂತ ಮೂರನೇ ಒಂದು ಭಾಗ ಬೆಲೆ ಎಂದರೆ ಅಲ್ಲಿಗೇ ಬಿಟ್ಟುಬಿಡಿ.

ಹೊರಗಿನಿಂದ ಯುಎಸ್‌ಬಿಗೆ ಸಿಕ್ಕಿಸುವ ‘16 ಟಿಬಿ ಪೋರ್ಟಬಲ್ ಎಸ್‌ಎಸ್‌ಡಿ, 1,999 ರೂಪಾಯಿ’ ಎಂಬ ಮಾಲಿನ ಬಗ್ಗೆ ಚರ್ಚೆಯೇ ಬೇಡ. ಅಂಗಡಿಯಲ್ಲಿ ಸಿಗುವ ಮನೆಬಳಕೆಯ ಎಂ.2 ಡ್ರೈವುಗಳೇ 8 ಟಿಬಿಗೆ ನಿಲ್ಲುತ್ತವೆ. ಇಂಥವನ್ನು ಬಿಚ್ಚಿದರೆ ಒಳಗೆ ಅಂಟು ಹಾಕಿ ಕೂರಿಸಿದ ಮೈಕ್ರೊ ಎಸ್‌ಡಿ ಕಾರ್ಡು ಸಿಗುತ್ತದೆ. ಅದರ ಫರ್ಮ್‌ವೇರು, ಅಂದರೆ ಡ್ರೈವಿನೊಳಗೇ ಕೂತು ಅದನ್ನು ನಡೆಸುವ ತಂತ್ರಾಂಶ, ವಿಂಡೋಸಿಗೆ 16 ಟಿಬಿ ಎಂದು ಸುಳ್ಳು ಹೇಳುತ್ತದೆ. ಫಾರ್ಮ್ಯಾಟೂ ಆಗುತ್ತದೆ, ಮೊದಲ ಕೆಲವು ಫೈಲುಗಳು ತೆರೆಯುತ್ತವೆ. ನಿಜವಾದ ಜಾಗ ಮುಗಿದ ಮೇಲೆ ಹೊಸ ಫೈಲುಗಳು ಹಳೆಯದರ ಮೇಲೆಯೇ ಕೂರುತ್ತವೆ, ಇಲ್ಲವೇ ಗಾಳಿಗೆ ಹೋಗುತ್ತವೆ. ಫೈಲಿನ ಹೆಸರು ಇರುತ್ತದೆ, ಒಳಗೆ ಏನೂ ಇರುವುದಿಲ್ಲ.

ಲ್ಯಾಪ್‌ಟಾಪಿನಿಂದ ತೆಗೆದ ಡ್ರೈವುಗಳದ್ದು ಇನ್ನೊಂದು ಬಗೆ. ಸ್ಯಾಮ್‌ಸಂಗ್ ಪಿಎಂ9ಎ1 ಎಂಬುದು 980 ಪ್ರೊ ಡ್ರೈವಿನದೇ ಒಡಹುಟ್ಟು. ಆದರೆ ಅದು ಲ್ಯಾಪ್‌ಟಾಪ್ ಕಂಪನಿಗಳಿಗೆ ಸರಬರಾಜಾಗುವ ಮಾಲು. ಅದಕ್ಕೆ ಚಿಲ್ಲರೆ ಗ್ರಾಹಕರ ವಾರಂಟಿ ಇಲ್ಲ, ಅಂಗಡಿಯವರ ಬಾಯಿಮಾತೇ ವಾರಂಟಿ. ಮಾಲು ಚೆನ್ನಾಗಿಯೇ ಇರಬಹುದು. ಹೊಸದಕ್ಕಿಂತ ಅರ್ಧ ಬೆಲೆಗಿಂತ ಕಡಿಮೆ ಇದ್ದು, ಅಂಗಡಿಯಲ್ಲೇ ಸ್ಮಾರ್ಟ್ ವಿವರ (ಎಷ್ಟು ಗಂಟೆ ಓಡಿದೆ, ಎಷ್ಟು ಬರೆದಿದೆ ಎಂದು ಡ್ರೈವೇ ಇಟ್ಟುಕೊಂಡ ಲೆಕ್ಕ) ತೋರಿಸಿದರೆ ಮಾತ್ರ ನಾನು ಯೋಚಿಸುತ್ತೇನೆ. ಸರ್ವರಿನಿಂದ ಇಳಿದ ಹಳೆಯ ಡ್ರೈವುಗಳಲ್ಲಿ ಫರ್ಮ್‌ವೇರೂ ಮುಖ್ಯ. ಎಚ್‌ಪಿಇಯ ಕೆಲವು ಸರ್ವರ್ ಎಸ್‌ಎಸ್‌ಡಿಗಳು 32,768 ಗಂಟೆ, ಅಂದರೆ 3 ವರ್ಷ 270 ದಿನ 8 ಗಂಟೆ ಓಡಿದ ತಕ್ಷಣ ಸತ್ತುಹೋಗುವ ದೋಷವಿದೆ ಎಂದು 2019ರಲ್ಲಿ ಆ ಕಂಪನಿಯೇ ಎಚ್ಚರಿಸಿ ಹೊಸ ಫರ್ಮ್‌ವೇರ್ ಕೊಟ್ಟಿತ್ತು. ಎರಡರ ಹದಿನೈದನೇ ಘಾತ ಎಂದು ಪ್ರೋಗ್ರಾಮ್ ಬರೆಯುವವರಿಗೆ ನೋಡಿದೊಡನೆ ಗೊತ್ತಾಗುವ ಸಂಖ್ಯೆ ಅದು.

ಹೆಜ್ಜೆ 7: ಡಬ್ಬಿ ಬಂದ ದಿನವೇ ಪರೀಕ್ಷೆ

ವಾಪಸಾತಿಯ ಗಡುವು ಸಾಮಾನ್ಯವಾಗಿ 7ರಿಂದ 10 ದಿನ, ಅದೂ ಎಷ್ಟೋ ಸಲ ‘ಬದಲಿ ಮಾತ್ರ’. ಡ್ರೈವು ತಂದು ಕಪಾಟಿನಲ್ಲಿಟ್ಟು, ಮುಂದಿನ ತಿಂಗಳು ಹಾಕಿಸೋಣ ಎಂದರೆ ಗಡುವು ದಾಟಿರುತ್ತದೆ. ಡಬ್ಬಿ ತೆರೆಯುವುದನ್ನು ಫೋನಿನಲ್ಲಿ ವಿಡಿಯೊ ಮಾಡಿಕೊಳ್ಳಿ.

ಹಾಕಿದ ಕೂಡಲೇ ಕ್ರಿಸ್ಟಲ್‌ಡಿಸ್ಕ್‌ಇನ್ಫೊ ತೆರೆಯಿರಿ, ಪುಕ್ಕಟೆ ಸಿಗುತ್ತದೆ. ಲಿನಕ್ಸಿನವರಿಗೆ ಸ್ಮಾರ್ಟ್‌ಮಾನ್‌ಟೂಲ್ಸ್ ಇದೆ. ‘ಹೊಸದು’ ಎಂದು ಕೊಂಡ ಡ್ರೈವಿನಲ್ಲಿ ಓಡಿದ ಗಂಟೆಗಳು ಸೊನ್ನೆಯ ಹತ್ತಿರ ಇರಬೇಕು, ಬರೆದ ಪ್ರಮಾಣ ಕೆಲವೇ ಜಿಬಿ. ಅಲ್ಲಿ 2,300 ಗಂಟೆ, 9 ಟಿಬಿ ಎಂದಿದ್ದರೆ ಯಾರೋ ಉಂಡು ಬಿಟ್ಟ ಎಲೆ ನಿಮ್ಮ ಮುಂದೆ ಬಂದಿದೆ ಎಂದರ್ಥ. ಅದೇ ತೆರೆಯಲ್ಲಿ ಡ್ರೈವು ಪಿಸಿಐಇ 3.0ರಲ್ಲಿದೆಯೋ 4.0ರಲ್ಲಿದೆಯೋ, ಎಷ್ಟು ಲೇನಿನಲ್ಲಿ ಓಡುತ್ತಿದೆ ಎನ್ನುವುದೂ ಕಾಣುತ್ತದೆ. 1 ಟಿಬಿ ಕೊಂಡು ವಿಂಡೋಸಿನಲ್ಲಿ 931 ಜಿಬಿ ಕಂಡರೆ ಮೋಸವೇನಿಲ್ಲ. ಕಂಪನಿ ಸಾವಿರದ ಲೆಕ್ಕದಲ್ಲಿ ಎಣಿಸುತ್ತದೆ, ವಿಂಡೋಸ್ 1,024ರ ಲೆಕ್ಕದಲ್ಲಿ.

ಆಮೇಲೆ ಇಡೀ ಡ್ರೈವನ್ನು ತುಂಬಿಸಿ, ಓದಿ ತಾಳೆ ನೋಡುವ ಪರೀಕ್ಷೆ. ವಿಂಡೋಸಿನಲ್ಲಿ ಎಚ್2ಟೆಸ್ಟ್‌ಡಬ್ಲ್ಯು, ಲಿನಕ್ಸ್ ಮತ್ತು ಮ್ಯಾಕಿನಲ್ಲಿ ಎಫ್3. ಡ್ರೈವು ಖಾಲಿ ಇರುವಾಗಲೇ ಮಾಡಿ. ಇದರಿಂದ ಎರಡು ಕೆಲಸ ಒಟ್ಟಿಗೆ ಆಗುತ್ತದೆ: ಜಾಗ ನಿಜವೋ ಸುಳ್ಳೋ ಗೊತ್ತಾಗುತ್ತದೆ, ಟಾಸ್ಕ್ ಮ್ಯಾನೇಜರಿನ ಡಿಸ್ಕ್ ಗೆರೆ ನೋಡುತ್ತಾ ಕೂತರೆ ಜಗಲಿ ಎಲ್ಲಿ ಮುಗಿಯಿತು, ಆಮೇಲಿನ ವೇಗ ಎಷ್ಟು ಎನ್ನುವುದೂ ಕಾಣುತ್ತದೆ. ಒಂದು ಸಲ ತುಂಬಿಸಿದರೆ ಖರ್ಚಾಗುವುದು 600ರಲ್ಲಿ 1 ಟಿಬಿ, ಜಿಪುಣತನ ಬೇಡ. ಈ ನಡುವೆ ಉಷ್ಣತೆಯ ಮೇಲೆ ಒಂದು ಕಣ್ಣಿರಲಿ. 80 ಡಿಗ್ರಿ ಮುಟ್ಟಿದರೆ ಬಹುತೇಕ ಡ್ರೈವುಗಳು ತಾವೇ ವೇಗ ತಗ್ಗಿಸಿಕೊಳ್ಳುತ್ತವೆ. ಅದನ್ನು ಕ್ಯಾಶಿನ ದೋಷ ಎಂದು ತಪ್ಪು ತಿಳಿಯಬಾರದು.

ಕೊನೆಗೆ ಕಂಪನಿಯ ಸ್ವಂತ ಸಾಫ್ಟ್‌ವೇರು ಹಾಕಿ ಫರ್ಮ್‌ವೇರ್ ಹೊಸದಿದೆಯೇ ನೋಡಿ. ಸ್ಯಾಮ್‌ಸಂಗ್ 980 ಪ್ರೊದ ಹಳೆಯ ಫರ್ಮ್‌ವೇರಿನಲ್ಲಿ ಡ್ರೈವು ಇದ್ದಕ್ಕಿದ್ದಂತೆ ಓದಲು ಮಾತ್ರ ಬರುವ ಸ್ಥಿತಿಗೆ ಹೋಗಿ ಕೂರುತ್ತಿತ್ತು. ಹೊಸದನ್ನು ಮೊದಲೇ ಹಾಕಿಕೊಂಡವರು ಬಚಾವಾದರು. ನಕಲಿ ಡ್ರೈವನ್ನು ಇಂಥ ಸಾಫ್ಟ್‌ವೇರು ಸಾಮಾನ್ಯವಾಗಿ ಗುರುತಿಸುವುದಿಲ್ಲ, ಅದೂ ಒಂದು ಪರೀಕ್ಷೆ.

ಅಂದಹಾಗೆ, ಮದುವೆಯ ವಿಡಿಯೊಗಳನ್ನು ಎಸ್‌ಎಸ್‌ಡಿಗೆ ತುಂಬಿ ಬೀರುವಿನಲ್ಲಿಟ್ಟು ವರ್ಷಗಟ್ಟಲೆ ಮರೆಯುವವರಿಗೆ ಒಂದು ಮಾತು. ಚಿಪ್ಪು ಉದ್ಯಮದ ಮಾನದಂಡ ಗೊತ್ತುಮಾಡುವ ಜೆಡೆಕ್ ಸಂಸ್ಥೆಯ ಪ್ರಕಾರ, ಪೂರ್ತಿ ಸವೆದ ಮನೆಬಳಕೆಯ ಎಸ್‌ಎಸ್‌ಡಿ ಕರೆಂಟಿಲ್ಲದೆ 30 ಡಿಗ್ರಿಯಲ್ಲಿ ಒಂದು ವರ್ಷ ದತ್ತಾಂಶ ಉಳಿಸಿಕೊಂಡರೆ ಸಾಕು. ಹೊಸ ಡ್ರೈವು ಅದಕ್ಕಿಂತ ಬಹಳ ಹೆಚ್ಚು ತಡೆಯುತ್ತದೆ, ನಿಜ. ಆದರೆ ಸೆಕೆ ಏರಿದಂತೆ ಈ ಅವಧಿ ಇಳಿಯುತ್ತದೆ, ರಾಯಚೂರಿನ ಬೇಸಿಗೆ ಮೂವತ್ತಕ್ಕೆ ನಿಲ್ಲುವುದಿಲ್ಲ. ಎತ್ತಿಡುವುದಕ್ಕೆ ಹಾರ್ಡ್‌ಡಿಸ್ಕೇ ಇರಲಿ.

ಹುಡುಗ ಕೊನೆಗೆ 5,650ರದ್ದನ್ನೇ ತರಿಸಿದ. ಡಬ್ಬಿ ಬಂದದ್ದು ಆಯುಧಪೂಜೆಯ ಹಿಂದಿನ ದಿನ. ಪರೀಕ್ಷೆ ಮುಗಿದ ಮೇಲೆ ಸ್ಕ್ರೀನ್‌ಶಾಟ್ ಕಳಿಸಿದ: ಓಡಿದ್ದು 1 ಗಂಟೆ, ತಪ್ಪು ಸೊನ್ನೆ. ಮರುದಿನ ಇನ್ನೊಂದು ಫೋಟೊ ಬಂತು. ಹಿಂಬದಿ ಮುಚ್ಚಳ ಬಿಚ್ಚಿದ ಲ್ಯಾಪ್‌ಟಾಪು, ಪಕ್ಕದಲ್ಲಿ ಕ್ಯಾಮೆರಾ, ಎರಡಕ್ಕೂ ಸೇವಂತಿಗೆ ಹೂವು. ಹೊಸ ಡ್ರೈವಿನ ಲೇಬಲ್ಲಿನ ನಟ್ಟನಡುವೆ ಹೆಬ್ಬೆರಳಗಲದ ಕುಂಕುಮ. ‘ಲೋ, ಅದನ್ನ ಮೆಲ್ಲಗೆ ಒರೆಸಿ ಮೊದಲು ಫೋಟೊ ತೆಗೆದಿಟ್ಕೋ’ ಎಂದು ಬರೆದೆ. ‘ಯಾಕೆ ಮಾಮ?’ ‘ಸೀರಿಯಲ್ ನಂಬರ್ ಇರೋದು ಅಲ್ಲೇ.’